ಎಲುಬಿನ ಕಾಯಿಲೆ ಮತ್ತು ಮೈಕಾಲದ ದಾರಿ

ಕಾಸರಗೋಡಿನ ಬ್ಯಾರಿ ಮನೆಗಳಲ್ಲಿ ಕಾಯಿಲೆಗಳು ಎರಡು ಬಗೆ. ಊರಿನ ಡಾಕ್ಟರರಲ್ಲೇ ಗುಣವಾಗುವವು ಒಂದು, ಮೈಕಾಲಕ್ಕೆ ಕೊಂಡುಹೋಗಬೇಕಾದವು ಇನ್ನೊಂದು. ಮೈಕಾಲ ಅಂದರೆ ಮಂಗಳೂರು ಎಂದು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1848ರ ವೆನ್ಲಾಕ್ ಆಸ್ಪತ್ರೆ, 1880ರಲ್ಲಿ ಶುರುವಾದ ಫಾದರ್ ಮುಲ್ಲರ್, 1950ರ ದಶಕದಲ್ಲಿ ಮಣಿಪಾಲ ಮತ್ತು ಮಂಗಳೂರಿಗೆ ಬಂದ ಕಸ್ತೂರ್ಬಾ ಮೆಡಿಕಲ್ ಕಾಲೇಜು, ಇವು ಯಾವುವೂ ನಮ್ಮ ಹಿರಿಯರಿಗೆ ಹೊರರಾಜ್ಯದ ಆಸ್ಪತ್ರೆಗಳಾಗಿರಲಿಲ್ಲ. ಜಿಲ್ಲೆಯ ಒಂದು ತುದಿಯಿಂದ ಜಿಲ್ಲಾ ಕೇಂದ್ರಕ್ಕೆ ಹೋಗಿ ಬರುವಷ್ಟೇ ದಾರಿ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿದ್ದೂ ಕಡತದಲ್ಲೇ ಉಳಿಯಿತು. ಆದರೆ ರೋಗಿಗಳು ಹೋಗುವ ದಿಕ್ಕು ಬದಲಾಗಲಿಲ್ಲ.

ನಾನು ಬರೆಯಹೊರಟಿರುವುದು ಈ ಎರಡೂ ಬಗೆಗೆ ಸೇರದ ಒಂದು ಕಾಯಿಲೆಯ ಬಗ್ಗೆ. ಮೈಕಾಲಕ್ಕೆ ಹೋದರೂ ಅದಕ್ಕೆ ಹೆಸರು ಸಿಗಲು ನಮಗೆ ನಾಲ್ಕು ವರ್ಷ ಹಿಡಿಯಿತು.

ನನ್ನ ತಂಗಿಯ ಮನೆ ಪೆರ್ಲದ ಹತ್ತಿರ. ಅವಳ ಕಿರಿಯ ಮಗ ಹುಟ್ಟಿದ್ದು 2009ರಲ್ಲಿ. ಹತ್ತು ತಿಂಗಳಿದ್ದಾಗ ಬಟ್ಟೆ ಬದಲಿಸಲು ಕಾಲು ಹಿಡಿದು ಎತ್ತಿದಾಗ ತೊಡೆಯ ಎಲುಬು ಮುರಿಯಿತು. ಬಿದ್ದದ್ದಿಲ್ಲ, ಹೊಡೆದದ್ದಿಲ್ಲ. ಮೂರು ವರ್ಷ ತುಂಬುವಾಗ ನಾಲ್ಕು ಕಡೆ ಮುರಿದಿತ್ತು. ಪ್ರತಿ ಸಲವೂ ಯಾರಾದರೊಬ್ಬರು ಕಾರಣ ಕೊಡುತ್ತಿದ್ದರು. ಬಾಣಂತನದಲ್ಲಿ ಎಣ್ಣೆ ತಿಕ್ಕಿದವಳು ಸರಿಯಾಗಿ ತಿಕ್ಕಲಿಲ್ಲ ಅಂದರು. ಕ್ಯಾಲ್ಸಿಯಂ ಕಡಿಮೆ ಅಂದರು, ಡಬ್ಬಿಗಟ್ಟಲೆ ಔಷಧಿ ಕುಡಿಸಿದೆವು. ಕಣ್ಣು ತಾಗಿದೆ ಎಂದು ನೂಲು ಕಟ್ಟಿಸಿದರು. ಎಲುಬು ಕಟ್ಟುವ ನಾಟಿ ವೈದ್ಯರೊಬ್ಬರು ಮಾತ್ರ ಮೂರನೆಯ ಸಲ ಮಗುವನ್ನು ಮುಟ್ಟಿ ನೋಡಿ, "ಇದು ನಾನು ಕಟ್ಟುವ ಎಲುಬಲ್ಲ, ದೊಡ್ಡ ಕಡೆ ತೋರಿಸಿ" ಎಂದು ಹಣ ತೆಗೆದುಕೊಳ್ಳದೆ ಕಳುಹಿಸಿದರು. ಆ ಮನುಷ್ಯನ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ. ಒಂದು ಆಸ್ಪತ್ರೆಯಲ್ಲಿ ತಂಗಿಯನ್ನು ಪ್ರತ್ಯೇಕ ಕೋಣೆಗೆ ಕರೆದು, ಮನೆಯಲ್ಲಿ ಮಗುವಿಗೆ ಯಾರು ಹೊಡೆಯುತ್ತಾರೆ ಎಂದು ಕೇಳಿದರು. ಮಗುವಿನ ಮೈಯಲ್ಲಿ ಹಳೆಯ ಮುರಿತ, ಹೊಸ ಮುರಿತ ಎರಡೂ ಕಂಡರೆ ಹಾಗೆ ಕೇಳಬೇಕಾದದ್ದು ವೈದ್ಯರ ಕೆಲಸವೇ, ಒಪ್ಪುತ್ತೇನೆ. ಆದರೆ ಹೊರಗೆ ಬಂದ ತಂಗಿ ಎರಡು ದಿನ ಯಾರೊಡನೆಯೂ ಮಾತಾಡಲಿಲ್ಲ.

ನಮ್ಮ ಊರಿನದೇ ಆದ ಇನ್ನೊಂದು ಕಾರಣವೂ ಇತ್ತು. ಪೆರ್ಲ, ಎಣ್ಮಕಜೆ, ಬದಿಯಡ್ಕ ಎಂದರೆ ಹೊರಗಿನವರಿಗೆ ನೆನಪಾಗುವುದು ಎಂಡೋಸಲ್ಫಾನ್. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಔಷಧಿ ಸುರಿದದ್ದು 2000ದ ಕೊನೆಯವರೆಗೆ. ಆ ಅನ್ಯಾಯ ದೊಡ್ಡದು, ಅದರ ಲೆಕ್ಕ ಇನ್ನೂ ತೀರಿಲ್ಲ. ಆದರೆ ಅದರಿಂದಾಗಿ ನಮ್ಮ ಕಡೆ ಯಾವ ಮಗುವಿಗೆ ಏನೇ ಆದರೂ "ಎಂಡೋಸಲ್ಫಾನ್ ಇರಬೇಕು" ಎಂಬ ಒಂದೇ ಉತ್ತರ ಸಿಗುವಂತಾಯಿತು. ನಮ್ಮ ಹುಡುಗನಿಗೂ ಅದೇ ಅಂದರು. ವೈದ್ಯಕೀಯ ಶಿಬಿರಕ್ಕೆ ಕರೆದುಕೊಂಡು ಹೋಗಿ ಸಾಲಿನಲ್ಲಿ ನಿಲ್ಲಿಸಿದೆವು. ವಿಷದಿಂದ ಬಂದ ಕಾಯಿಲೆಗೆ ಹುಡುಕುವ ವೈದ್ಯರೇ ಬೇರೆ, ವಂಶದಿಂದ ಬಂದ ಕಾಯಿಲೆಗೆ ಹುಡುಕಬೇಕಾದವರೇ ಬೇರೆ. ಅದರಲ್ಲಿ ಒಂದು ವರ್ಷ ಹೋಯಿತು.

ಇಂಥದ್ದು ನಮಗೊಬ್ಬರಿಗೇ ಆದದ್ದಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವಿನಲ್ಲಿ ಹಲವು ದಲಿತ ಕುಟುಂಬಗಳವರಿಗೆ ಸೊಂಟ, ಮಂಡಿ ಹಿಡಿದು ನಡೆಯಲಾಗದಂತಾಯಿತು. ಕೆಲವರ ಬೆಳವಣಿಗೆಯೇ ಕುಂಠಿತವಾಗಿತ್ತು. ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳ ಮೈ ಸೇರಿ, ಆ ಏಡಿ ತಿಂದವರಿಗೆ ರೋಗ ಬಂತೆಂಬ ಮಾತು ಬಹಳ ಕಾಲ ನಡೆಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು, ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು ಮನೆಮನೆಯ ವಂಶಾವಳಿ ಬರೆದು ನೋಡಿದಾಗ ಅದು ತಲೆಮಾರಿನಿಂದ ತಲೆಮಾರಿಗೆ ಬರುವ ಎಲುಬು ಮತ್ತು ಕೀಲುಗಳ ಕಾಯಿಲೆ ಎಂದು ತಿಳಿಯಿತು. ರೋಗಕ್ಕೆ ಊರಿನ ಹೆಸರೇ ನಿಂತಿತು. ಊರಿನ ಹೆಸರು ರೋಗಕ್ಕೆ ಅಂಟಿದರೆ ಆ ಊರಿನ ಹೆಣ್ಣುಮಕ್ಕಳ ಮದುವೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ನಮ್ಮ ಹುಡುಗನ ಕಾಯಿಲೆಗೆ ಹೆಸರು ಕೊಟ್ಟದ್ದು ಮಂಗಳೂರಿನ ಒಬ್ಬ ಯುವ ವೈದ್ಯೆ. ಅವರು ಎಕ್ಸ್‌ರೇ ನೋಡುವ ಮೊದಲು ಮಗುವಿನ ಕಣ್ಣು ನೋಡಿದರು, ಆಮೇಲೆ ತಂಗಿಯ ಕಣ್ಣು ನೋಡಿದರು, ಮತ್ತೆ ಜೊತೆಯಲ್ಲಿ ಬಂದಿದ್ದ ನಮ್ಮ ಉಮ್ಮನ ಕಣ್ಣು. ಮೂವರದೂ ಕಣ್ಣಿನ ಬಿಳಿಭಾಗ ನಸುನೀಲಿ. ನಾವು ಅದನ್ನು ದಿನಾ ನೋಡುತ್ತಿದ್ದೆವು, ಚಂದ ಎಂದುಕೊಂಡಿದ್ದೆವು. "ನಿಮಗೆ ಕಿವಿ ಕೇಳುವುದು ಕಡಿಮೆಯಾ?" ಎಂದು ಅವರು ಉಮ್ಮನಲ್ಲಿ ಕೇಳಿದರು. ಎರಡನೆಯ ಸಲ ಗಟ್ಟಿಯಾಗಿ ಕೇಳಬೇಕಾಯಿತು. ಆಗ ಅವರು ಒಂದು ಚೀಟಿಯಲ್ಲಿ ಬರೆದರು, ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ. ಸುಲಭಕ್ಕೆ ಓ.ಐ. ಅನ್ನುತ್ತಾರೆ, ಬೇಗ ಮುರಿಯುವ ಎಲುಬಿನ ಕಾಯಿಲೆ.

ನಾನು ಕನ್ನಡ ಶಾಲೆಯಲ್ಲಿ ಸಮಾಜ ಪಾಠ ಮಾಡುವವನು. ಹೆಸರು ಸಿಕ್ಕಿದ ಮೇಲೆ ಅದರ ಚರಿತ್ರೆ ಹುಡುಕದಿರಲು ಆಗಲಿಲ್ಲ. ಸುಮಾರು 3000 ವರ್ಷ ಹಿಂದಿನ ಈಜಿಪ್ಟಿನ ಒಂದು ಶಿಶುವಿನ ಅಸ್ಥಿಗಳು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ, ಅವುಗಳಲ್ಲಿ ಇದೇ ಕಾಯಿಲೆಯ ಗುರುತುಗಳಿವೆ. 1788ರಲ್ಲಿ ಸ್ವೀಡನ್ನಿನ ಸೇನಾ ವೈದ್ಯ ಓಲೋಫ್ ಯಾಕೋಬ್ ಎಕ್ಮನ್, ಒಂದೇ ಕುಟುಂಬದ ಮೂರು ತಲೆಮಾರಿನಲ್ಲಿ ಎಲುಬು ಮುರಿಯುತ್ತಾ ಬಂದದ್ದನ್ನು ತನ್ನ ಪ್ರಬಂಧದಲ್ಲಿ ಬರೆದ. ಈಗಿನ ಹೆಸರನ್ನು ಬಳಸಿದ್ದು 1849ರಲ್ಲಿ ಆಮ್‌ಸ್ಟರ್‌ಡ್ಯಾಮಿನ ವಿಲ್ಲೆಮ್ ವ್ರೋಲಿಕ್. ಎಲ್ಲ ರೋಗಿಗಳೂ ಒಂದೇ ತರಹ ಇಲ್ಲ ಎಂದು ಆಸ್ಟ್ರೇಲಿಯಾದ ಡೇವಿಡ್ ಸಿಲೆನ್ಸ್ ನಾಲ್ಕು ವಿಧಗಳಾಗಿ ವಿಂಗಡಿಸಿದ್ದು 1979ರಲ್ಲಿ. ಇವತ್ತಿಗೂ ವೈದ್ಯರ ಚೀಟಿಯಲ್ಲಿ ಟೈಪ್ ಒಂದು, ಟೈಪ್ ನಾಲ್ಕು ಎಂದು ಬರುವುದು ಆ ವಿಂಗಡಣೆಯಿಂದ. ಹುಟ್ಟುವ ಸುಮಾರು 15,000ದಿಂದ 20,000 ಮಕ್ಕಳಲ್ಲಿ ಒಬ್ಬರಿಗೆ ಇದು ಇರುತ್ತದೆ.

ಎಕ್ಮನ್ ಮೂರು ತಲೆಮಾರು ಬರೆದದ್ದನ್ನು ಓದಿದ ರಾತ್ರಿ ನಾನೂ ಒಂದು ಕಾಗದದಲ್ಲಿ ನಮ್ಮ ಮನೆಯದ್ದನ್ನು ಬರೆದೆ. ಉಮ್ಮನ ಕೈ ಮಣಿಕಟ್ಟು ಮೂರು ಸಲ ಮುರಿದಿತ್ತು, ಬಾವಿಕಟ್ಟೆಯಲ್ಲಿ ಜಾರಿದ್ದು ಎಂದೇ ಲೆಕ್ಕ. ಉಮ್ಮನ ಅಣ್ಣ ಒಬ್ಬರಿದ್ದರು, ಸೊಟ್ಟ ಕಾಲಿನವರು. ಊರಲ್ಲಿ ಅವರನ್ನು ಕರೆಯುತ್ತಿದ್ದದ್ದೂ ಹಾಗೆಯೇ, ನಿಜವಾದ ಹೆಸರು ನನಗೆ ಗೊತ್ತಾದದ್ದು ಅವರ ಮಯ್ಯಿತ್ ದಿನ. ಉಮ್ಮನ ತಾಯಿ ನಲ್ವತ್ತಕ್ಕೇ ಕಿವುಡಿ. ತಂಗಿಗೆ ಮದ್ರಸದ ಮೆಟ್ಟಿಲಲ್ಲಿ ಒಮ್ಮೆ, ಶಾಲೆಯ ಆಟದಲ್ಲಿ ಒಮ್ಮೆ ಮುರಿದಿತ್ತು. ನನಗೆ ಏನೂ ಇಲ್ಲ. ಬಿಡಿಬಿಡಿಯಾಗಿ ಇದ್ದ ಈ ಸಂಗತಿಗಳಿಗೆ ಒಂದು ಗೆರೆ ಎಳೆದ ಕೂಡಲೇ ನಾಲ್ಕು ತಲೆಮಾರು ಒಂದೇ ಸಾಲಿನಲ್ಲಿ ನಿಂತವು. ನಮ್ಮ ಬ್ಯಾರಿಗಳಲ್ಲಿ ಮನೆತನದ ಚರಿತ್ರೆ ಎಂದರೆ ಯಾವ ಇಲ್ಲಂ, ಯಾರ ತೋಟ, ಯಾರು ಹಜ್ಜಿಗೆ ಹಡಗಿನಲ್ಲಿ ಹೋದವರು, ಇಷ್ಟೇ. ಯಾರ ಕೈ ಮುರಿಯಿತು, ಯಾರಿಗೆ ಕಿವಿ ಹೋಯಿತು ಎಂಬುದು ಹೆಂಗಸರ ಬಾಯಲ್ಲಿ ಮಾತ್ರ ಉಳಿದಿರುತ್ತದೆ. ವೈದ್ಯರಿಗೆ ಬೇಕಾದ ಚರಿತ್ರೆ ಅದು.

ಕಾಯಿಲೆಯ ಒಳಗುಟ್ಟನ್ನು ಮನೆಯಲ್ಲಿ ಎಲ್ಲರಿಗಿಂತ ಬೇಗ ಹಿಡಿದುಕೊಂಡವನು ಭಾವ. ಅವನು ಶಾರ್ಜಾದಲ್ಲಿ ಕಟ್ಟಡ ಕೆಲಸದ ಮೇಸ್ತ್ರಿ. ಎಲುಬಿನಲ್ಲಿ ಕ್ಯಾಲ್ಸಿಯಂ ಸಿಮೆಂಟಿನ ಹಾಗೆ, ಕೊಲಾಜೆನ್ ಎಂಬ ನಾರು ಒಳಗಿನ ಕಬ್ಬಿಣದ ಸರಳಿನ ಹಾಗೆ. ಈ ಕಾಯಿಲೆಯಲ್ಲಿ ಸರಳೇ ಸರಿ ಇಲ್ಲ, ಸಿಮೆಂಟು ಎಷ್ಟು ಸುರಿದರೂ ಸ್ಲ್ಯಾಬು ಬಿರುಕು ಬಿಡುತ್ತದೆ. "ಮತ್ತೆ ಯಾಕೆ ಇಷ್ಟು ವರ್ಷ ಕ್ಯಾಲ್ಸಿಯಂ ಕುಡಿಸಿದ್ದು?" ಎಂದು ಫೋನಿನಲ್ಲೇ ಕೇಳಿದ. ಕ್ಯಾಲ್ಸಿಯಂ ಬೇಡವೆಂದಲ್ಲ, ಅದರಿಂದಲೇ ಗುಣವಾಗದು, ಅಷ್ಟೇ.

ಆ ಸರಳು ತಯಾರಿಸುವ ಸೂಚನೆ ಎರಡು ಜೀನುಗಳಲ್ಲಿದೆ, ಒಂದು 17ನೆಯ ಕ್ರೋಮೋಸೋಮಿನಲ್ಲಿ, ಇನ್ನೊಂದು 7ನೆಯದರಲ್ಲಿ. ಹೆಚ್ಚಿನ ರೋಗಿಗಳಲ್ಲಿ ತಪ್ಪಿರುವುದು ಇವೆರಡರಲ್ಲಿ ಒಂದು. ತಂದೆ ಅಥವಾ ತಾಯಿ, ಒಬ್ಬರಲ್ಲಿ ಆ ತಪ್ಪು ಇದ್ದರೆ ಸಾಕು, ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡಿನಿಂದ ಬಂದರೂ ಅಷ್ಟೇ, ಹೆಣ್ಣಿನಿಂದ ಬಂದರೂ ಅಷ್ಟೇ. ಮನೆತನದಲ್ಲಿ ಯಾರಿಗೂ ಇಲ್ಲದೆ ಒಂದು ಮಗುವಿನಲ್ಲಿ ಹೊಸದಾಗಿ ಹುಟ್ಟಿಕೊಳ್ಳುವುದೂ ಉಂಟು. 2006ರಿಂದ ಈಚೆಗೆ ಕಂಡುಹಿಡಿದ ಕೆಲವು ಅಪರೂಪದ ವಿಧಗಳಲ್ಲಿ ಮಾತ್ರ ತಂದೆ ತಾಯಿ ಇಬ್ಬರಿಂದಲೂ ಬರಬೇಕು. ಹತ್ತಿರದ ಸಂಬಂಧದಲ್ಲಿ ಮದುವೆಯಾದರೆ ಅಪಾಯ ಹೆಚ್ಚುವುದು ಅಂಥ ವಿಧಗಳಿಗೆ. ಒಂದೇ ಇಲ್ಲಂ ಒಳಗೆ ಮದುವೆ ಬೇಡ ಎಂದ ನಮ್ಮ ಹಿರಿಯರ ಕಟ್ಟಳೆ ಆ ವಿಷಯದಲ್ಲಿ ಒಳ್ಳೆಯದೇ. ಆದರೆ ತಂಗಿಗೂ ಭಾವನಿಗೂ ಯಾವ ರಕ್ತಸಂಬಂಧವೂ ಇಲ್ಲ, ಇಲ್ಲಂ ಕೂಡ ಬೇರೆ. ಇದನ್ನೆಲ್ಲ ಇಷ್ಟು ಬಿಡಿಸಿ ಬರೆಯಲು ಕಾರಣ ಇದೆ. ರಿಪೋರ್ಟ್ ಬಂದ ಮೇಲೆ ತಂಗಿಯ ಗಂಡನ ಮನೆಯಲ್ಲಿ "ನಿಮ್ಮ ಮನೆಯ ಎಲುಬು ನಮ್ಮ ಮನೆಗೆ ಬಂತು" ಎಂಬ ಮಾತು ಬಂತು. ವಿಜ್ಞಾನದ ಲೆಕ್ಕದಲ್ಲಿ ಆ ಮಾತು ಸುಳ್ಳಲ್ಲ. ಅದನ್ನು ಹೇಳಿದ ರೀತಿಯೇ ಬೇರೆ. ಸಕ್ಕರೆ ಕಾಯಿಲೆ ಗಂಡನ ಮನೆಯ ಕಡೆಯಿಂದ ಬಂದರೆ ಯಾರೂ ಹಾಗೆ ಹೇಳುವುದಿಲ್ಲ.

ಚಿಕಿತ್ಸೆಯ ಚರಿತ್ರೆ ಕಾಯಿಲೆಯ ಚರಿತ್ರೆಗಿಂತ ಬಹಳ ಚಿಕ್ಕದು. ಬಹುಕಾಲ ವೈದ್ಯರು ಮಾಡುತ್ತಿದ್ದದ್ದು ಪ್ಲಾಸ್ಟರ್ ಹಾಕಿ ಮಲಗಿಸುವುದು. ಮಲಗಿದಷ್ಟೂ ಎಲುಬು ಇನ್ನೂ ಸವೆಯುತ್ತದೆ, ಎದ್ದ ಕೂಡಲೇ ಮತ್ತೆ ಮುರಿಯುತ್ತದೆ. 1959ರಲ್ಲಿ ಅಮೆರಿಕದ ಸೋಫೀಲ್ಡ್ ಮತ್ತು ಮಿಲ್ಲರ್ ಎಂಬ ವೈದ್ಯರು, ಸೊಟ್ಟಗಾದ ಎಲುಬನ್ನು ತುಂಡು ತುಂಡಾಗಿ ಕತ್ತರಿಸಿ ನೇರ ಮಾಡಿ ಒಳಗೆ ಲೋಹದ ಕಡ್ಡಿಗೆ ಪೋಣಿಸುವ ಶಸ್ತ್ರಕ್ರಿಯೆಯನ್ನು ವಿವರಿಸಿದರು. ಅದಕ್ಕೆ ಶೀಶ್ ಕಬಾಬ್ ಎಂಬ ಅಡ್ಡಹೆಸರೇ ಬಿತ್ತು. ಮಗು ಬೆಳೆದ ಹಾಗೆ ಕಡ್ಡಿ ಗಿಡ್ಡವಾಗುತ್ತದಲ್ಲ, ಅದಕ್ಕೆ 1963ರಲ್ಲಿ ಬೈಲಿ ಮತ್ತು ಡುಬೋ ಉದ್ದವಾಗುತ್ತಾ ಹೋಗುವ ಕಡ್ಡಿ ತಂದರು. ಹಳೆಯ ರೇಡಿಯೋದ ಏರಿಯಲ್ ಎಳೆದ ಹಾಗೆ ಒಂದರೊಳಗೊಂದು ಜಾರುವ ಕಡ್ಡಿ. ಈಗ ಹೆಚ್ಚಾಗಿ ಬಳಸುವ ಫಾಸಿಯೇ–ಡುವಾಲ್ ಕಡ್ಡಿ ಕೆನಡಾದ ಮಾಂಟ್ರಿಯಲ್‌ನಿಂದ ಬಂದದ್ದು.

ಔಷಧಿಯೂ ಅದೇ ಊರಿನಿಂದ. 1998ರಲ್ಲಿ ಮಾಂಟ್ರಿಯಲ್‌ನ ಫ್ರಾನ್ಸಿಸ್ ಗ್ಲೋರಿಯೋ ಮತ್ತು ಸಂಗಡಿಗರು ತೀವ್ರ ಕಾಯಿಲೆ ಇದ್ದ 30 ಮಕ್ಕಳಿಗೆ ಪಮಿಡ್ರೋನೇಟ್ ಎಂಬ ಔಷಧಿಯನ್ನು ಕೆಲವು ತಿಂಗಳಿಗೊಮ್ಮೆ ಡ್ರಿಪ್ ಮೂಲಕ ಕೊಟ್ಟು, ಎಲುಬು ಗಟ್ಟಿಯಾದದ್ದನ್ನೂ ಮುರಿತ, ನೋವು ಕಡಿಮೆಯಾದದ್ದನ್ನೂ ಪ್ರಕಟಿಸಿದರು. ಈ ಜಾತಿಯ ರಾಸಾಯನಿಕಗಳನ್ನು ಮೊದಲು ಬಳಸುತ್ತಿದ್ದದ್ದು ಕಾರ್ಖಾನೆಯ ನೀರಿನ ಪೈಪುಗಳಲ್ಲಿ ಸುಣ್ಣ ಕಟ್ಟದ ಹಾಗೆ ನೋಡಿಕೊಳ್ಳಲು. ಈ ಔಷಧಿ ಕೊಲಾಜೆನ್ನನ್ನು ಸರಿಮಾಡುವುದಿಲ್ಲ. ಮೈ ಹಳೆಯ ಎಲುಬನ್ನು ಕರಗಿಸುವ ವೇಗವನ್ನು ತಗ್ಗಿಸುತ್ತದೆ, ಅಷ್ಟೇ. ಆದರೂ ರಾತ್ರಿ ನೋವಿನಿಂದ ಅಳುತ್ತಿದ್ದ ಮಗು ಎರಡನೆಯ ಡ್ರಿಪ್ಪಿನ ಬಳಿಕ ಪೂರ್ತಿ ರಾತ್ರಿ ನಿದ್ದೆ ಮಾಡಿತು. ತಂಗಿ ಎದ್ದೆದ್ದು ಉಸಿರಾಡುತ್ತಿದ್ದಾನಾ ಎಂದು ನೋಡಿದಳಂತೆ.

ಕಡ್ಡಿ ಹಾಕಿಸಲು ನಾವು ಹೋದದ್ದು ವೆಲ್ಲೂರಿಗೆ. ಕಾಸರಗೋಡಿನಿಂದ ಚೆನ್ನೈ ಮೆಯಿಲ್ ಹತ್ತಿದರೆ ಮರುದಿನ ಬೆಳಿಗ್ಗೆ ಕಾಟ್ಪಾಡಿ. ನಮ್ಮವರಿಗೆ ಗುರುತಿನ ದಾರಿ, ಆ ಬೋಗಿಯಲ್ಲಿ ಕಡತ ಹಿಡಿದ ಒಂದಾದರೂ ಮಲಬಾರಿನ ಕುಟುಂಬ ಸಿಗುತ್ತದೆ. ಹುಡುಗನನ್ನು ಎತ್ತುವಾಗ ಕಂಕುಳಿಗೆ ಕೈ ಹಾಕಬಾರದು, ಕಾಲು ಹಿಡಿದು ಎತ್ತಬಾರದು, ಕುಂಡೆಗೆ ಮತ್ತು ಬೆನ್ನಿಗೆ ಅಂಗೈ ಅಗಲಿಸಿ ಕೊಡಬೇಕು. ಇದನ್ನು ರೈಲಿನ ಸಹಪ್ರಯಾಣಿಕರಿಗೆಲ್ಲ ಹೇಳಿಕೊಡುವುದು ನನ್ನ ಕೆಲಸ. ಸಹಾಯ ಮಾಡಲು ಬರುವವರಿಂದಲೇ ಹೆಚ್ಚು ಭಯ. 2016ರಲ್ಲಿ ಎರಡೂ ತೊಡೆಗೆ ಕಡ್ಡಿ ಬಿತ್ತು. ಏಳನೆಯ ವಯಸ್ಸಿನಲ್ಲಿ ಅವನು ಮೊದಲ ಸಲ ವಾಕರ್ ಹಿಡಿದು ನಿಂತ. ವಂಶವಾಹಿಯ ಪರೀಕ್ಷೆಗೆ ಮಾತ್ರ ಅಷ್ಟು ದೂರ ಬೇಕಾಗಲಿಲ್ಲ. ಇಂಥ ಎಲುಬಿನ ಕಾಯಿಲೆಗಳ ಮೇಲೆ ದೇಶದಲ್ಲೇ ಹೆಸರಾದ ಕೆಲಸ ಮಾಡುತ್ತಿರುವ ವಿಭಾಗ ಮಣಿಪಾಲದಲ್ಲಿದೆ. ಇದು ನಮಗೆ ಗೊತ್ತಾದದ್ದು ವೆಲ್ಲೂರಿನಲ್ಲಿ.

ಸರಕಾರದ ದಾರಿ ಇನ್ನೊಂದು. 2021ರ ಮಾರ್ಚಿನಲ್ಲಿ ಕೇಂದ್ರ ಸರಕಾರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ತಂದಿತು. ಅದರ ಎರಡನೆಯ ಗುಂಪಿನಲ್ಲಿ ಓ.ಐ. ಹೆಸರಿದೆ, ಮೇಲೆ ಹೇಳಿದ ಜಾತಿಯ ಔಷಧಿಯ ಹೆಸರೂ ಇದೆ. 2022ರಿಂದ ಗುರುತಿಸಿದ ಕೇಂದ್ರಗಳಲ್ಲಿ ಚಿಕಿತ್ಸೆಗೆ 50 ಲಕ್ಷದವರೆಗೆ ನೆರವು ಎಂದಾಯಿತು. ಆ ಕೇಂದ್ರಗಳಲ್ಲಿ ಕರ್ನಾಟಕದ್ದು ಬೆಂಗಳೂರಿನಲ್ಲಿ, ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಮಾನವ ತಳಿವಿಜ್ಞಾನ ಕೇಂದ್ರ ಸೇರಿ. ಕೇರಳದ್ದು ತಿರುವನಂತಪುರದ ಎಸ್.ಎ.ಟಿ. ಆಸ್ಪತ್ರೆ. ಪೆರ್ಲದಿಂದ ತಿರುವನಂತಪುರ 550 ಕಿಲೋಮೀಟರಿಗಿಂತ ದೂರ. ನಮ್ಮ ಕಾರ್ಡ್ ಕೇರಳದ್ದು, ಹತ್ತಿರದ ವೈದ್ಯರು ಕರ್ನಾಟಕದವರು. ಒಂದು ಕೌಂಟರಿನಲ್ಲಿ "ನಿಮ್ಮ ರಾಜ್ಯಕ್ಕೆ ಹೋಗಿ" ಅಂದರೆ ಇನ್ನೊಂದರಲ್ಲಿ ಕನ್ನಡದಲ್ಲಿ ಬರೆದ ಅರ್ಜಿಯನ್ನು ಮಲಯಾಳದಲ್ಲಿ ಬರೆದು ತನ್ನಿ ಅನ್ನುತ್ತಾರೆ. ಗಡಿನಾಡಿನವರಿಗೆ ಇದು ಹೊಸತಲ್ಲ ಬಿಡಿ. ಆದರೆ ಪ್ಲಾಸ್ಟರ್ ಹಾಕಿದ ಮಗುವನ್ನು ಎತ್ತಿಕೊಂಡು ಕೇಳುವಾಗ ಹೊಸತೇ.

ಗಡಿ ಎಂದರೆ ಏನೆಂದು ನಮಗೆ ಪೂರ್ತಿ ಅರ್ಥವಾದದ್ದು 2020ರಲ್ಲಿ. ಮಾರ್ಚ್ ಕೊನೆಗೆ ಲಾಕ್‌ಡೌನ್ ಆದಾಗ ಕರ್ನಾಟಕದ ಕಡೆಯಿಂದ ತಲಪಾಡಿಯಲ್ಲಿ ತಡೆ ಬಿತ್ತು, ಒಳರಸ್ತೆಗಳಿಗೆ ಮಣ್ಣಿನ ರಾಶಿ ಸುರಿದರು. ಆಂಬುಲೆನ್ಸುಗಳು ಹಿಂದೆ ತಿರುಗಿದವು, ಮಂಗಳೂರಿಗೆ ತಲುಪಲಾಗದೆ ಹಲವರು ತೀರಿಕೊಂಡ ಸುದ್ದಿ ದಿನಾ ಬರುತ್ತಿತ್ತು. ವಿಷಯ ಕೇರಳ ಹೈಕೋರ್ಟಿಗೂ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಗಿ, ಏಪ್ರಿಲ್ ಮೊದಲ ವಾರದ ಬಳಿಕ ತುರ್ತು ರೋಗಿಗಳಿಗೆ ಷರತ್ತಿನ ಮೇಲೆ ದಾರಿ ಬಿಟ್ಟರು. ಆ ದಿನಗಳ ನಡುವೆಯೇ ಹುಡುಗನ ಮೇಲುತೋಳು ಮುರಿಯಿತು. ನಮ್ಮ ಮನೆಯಿಂದ ಕರ್ನಾಟಕದ ಗಡಿ ಕೆಲವೇ ಕಿಲೋಮೀಟರು. ನಾವು ಹೋದದ್ದು ದಕ್ಷಿಣಕ್ಕೆ, ಪೊಲೀಸರ ಪಾಸು ಹಿಡಿದು, ಕಣ್ಣೂರು ಜಿಲ್ಲೆಗೆ. ಅಲ್ಲಿನ ವೈದ್ಯರು ಚೆನ್ನಾಗಿಯೇ ನೋಡಿದರು. ಆದರೆ ಅವರಿಗೆ ಹುಡುಗನ ಚರಿತ್ರೆ ಗೊತ್ತಿಲ್ಲ. ತಂಗಿ ಕಡತ ಬಿಚ್ಚಿ ಮೊದಲಿನಿಂದ ಹೇಳಿದಳು, ಅರ್ಧ ಮಲಯಾಳ ಅರ್ಧ ಬ್ಯಾರಿಯಲ್ಲಿ. ಉಕ್ಕಿನಡ್ಕದಲ್ಲಿ 2013ರಲ್ಲಿ ಶಿಲಾನ್ಯಾಸವಾದ ನಮ್ಮ ಜಿಲ್ಲೆಯ ಸರಕಾರಿ ಮೆಡಿಕಲ್ ಕಾಲೇಜಿನ ಕಟ್ಟಡದಲ್ಲಿ ಕೊರೋನಾ ಆಸ್ಪತ್ರೆ ಶುರುವಾದದ್ದು ಅದೇ ಏಪ್ರಿಲಿನಲ್ಲಿ. ದಾರಿ ಮುಚ್ಚಿದ ಮೇಲೆ ಬಾಗಿಲು ತೆರೆಯಿತು.

ಹುಡುಗನಿಗೆ ಈಗ ಗಾಲಿಕುರ್ಚಿಯೂ ಉಂಟು, ನಡಿಗೆಯೂ ಉಂಟು. ಶಾಲೆಯಲ್ಲಿ ಅವನಿಗಾಗಿ ತರಗತಿಯನ್ನು ಕೆಳಗಿನ ಮಹಡಿಗೆ ತಂದರು. ಇದೇ ಕಾಯಿಲೆಯ ಉಮ್ಮುಲ್ ಖೇರ್ ದಿಲ್ಲಿಯ ಕೊಳೆಗೇರಿಯಲ್ಲಿ ಬೆಳೆದು ಯು.ಪಿ.ಎಸ್.ಸಿ. ಪಾಸಾದದ್ದನ್ನು ಯಾರೋ ತೋರಿಸಿದಾಗ, "ಅವರಿಗೆ ಗಣಿತ ಬರುತ್ತಿತ್ತಾ?" ಎಂದು ಕೇಳಿದ. ಅವನಿಗೆ ಗಣಿತ ಆಗದು.

ಈಗ ಮನೆಯಲ್ಲಿ ಮಾತು ಅವನ ಅಕ್ಕನದು. ಅವಳಿಗೂ ನೀಲಿಗಣ್ಣು, ಚಿಕ್ಕಂದಿನಲ್ಲಿ ಎರಡು ಮುರಿತ, ಪರೀಕ್ಷೆಯಲ್ಲೂ ಅದೇ ಬಂದಿದೆ. ಕಳೆದ ವರ್ಷ ಉಪ್ಪಳದ ಕಡೆಯಿಂದ ಒಂದು ಸಂಬಂಧ ಬಂತು. ಹೇಳಬೇಕಾ ಬೇಡವಾ ಎಂದು ಮೂರು ವಾರ ಚರ್ಚೆ. ಮದುವೆಯಾದ ಮೇಲೆ ತಾನಾಗಿ ಗೊತ್ತಾಗಲಿ ಅಂದವರೂ ಇದ್ದರು, ಎರಡು ಸಲ ಕೈ ಮುರಿದದ್ದು ಯಾವ ಮನೆಯಲ್ಲಿ ಇಲ್ಲ ಅಂದವರೂ ಇದ್ದರು. ಹೇಳಿಯೇ ಮುಂದಕ್ಕೆ ಹೋಗುವುದು ಎಂಬುದು ನನ್ನ ಪಕ್ಷ, ಆದರೆ ಅದನ್ನು ತೀರ್ಮಾನಿಸಬೇಕಾದವನು ನಾನಲ್ಲ. ಹುಡುಗನ ಕಡೆಯವರು ಚಾ ಕುಡಿದು ಕೂತಿದ್ದಾಗ ಹುಡುಗಿಯೇ ಒಳಗಿನಿಂದ ರಿಪೋರ್ಟಿನ ಪ್ರತಿ ತಂದು ಹುಡುಗನ ಉಮ್ಮನ ಕೈಗೆ ಕೊಟ್ಟು, ಅರ್ಧಕ್ಕರ್ಧ ಎಂದರೆ ಏನೆಂದು ವಿವರಿಸಿದಳು. ಆ ಹೆಂಗಸು ಕಾಗದವನ್ನು ಬಹಳ ಹೊತ್ತು ನೋಡಿದರು. ಇಂಗ್ಲಿಷ್ ಬಾರದವರು. ಆಮೇಲೆ, "ಹಾಗಾದರೆ ಹೆರಿಗೆ ಎಲ್ಲಿ ಮಾಡಿಸಬೇಕು, ಮೈಕಾಲದಲ್ಲಾ, ಮಣಿಪಾಲದಲ್ಲಾ?" ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಮುಂದಿನ ಸಲ ತಳಿಶಾಸ್ತ್ರದ ವೈದ್ಯರ ಹತ್ತಿರ ಹೋಗುವಾಗ ತಾನೂ ಬರುತ್ತೇನೆ ಎಂದಿದ್ದಾರೆ, ದಿನ ಸಿಕ್ಕಿದೆ.